ಮಗ್ಗ ಕೊನೆಗೆ ಕೊಳ್ಳಿ: ಹಳ್ಳಿಯಲ್ಲಿ ಹೆಂಗಸರ ನೇಯ್ಗೆ-ಹೆಣಿಗೆ ಕೇಂದ್ರ ಶುರು ಮಾಡುವವರಿಗೆ

ನಾವು ಮೊದಲು ಮಗ್ಗ ಕೊಂಡೆವು. ಅಲ್ಲೇ ಎಡವಿದೆವು.

ಚಿಕ್ಕಮಗಳೂರಿನಿಂದ ಆಲ್ದೂರು ಕಡೆಗೆ ಹೋಗುವಾಗ ಸಿಗುವ ಒಂದು ಸಣ್ಣ ಊರು. ಅಲ್ಲಿ ಖಾಲಿ ಬಿದ್ದಿದ್ದ ಕಾಫಿ ಗೋಡೌನು. ಅದರೊಳಗೆ ನಾಲ್ಕು ಮಗ್ಗ ಸಾಲಾಗಿ ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದೆವು. ಹನ್ನೆರಡು ಹೆಂಗಸರು ಹೆಸರು ಕೊಟ್ಟಿದ್ದರು. ಮೊದಲ ವಾರ ಹನ್ನೆರಡೂ ಜನ ಬಂದರು. ಮೂರನೇ ವಾರ ಐದು ಜನ. ಡಿಸೆಂಬರ್ ಬಂತು, ಅರೇಬಿಕಾ ಕೊಯ್ಲು ಜೋರಾಯಿತು, ಬಾಗಿಲು ತೆಗೆದು ಕೂತರೆ ನಾನೊಬ್ಬಳೇ. ಮುಂದಿನ ಜೂನ್ ಹೊತ್ತಿಗೆ ಎರಡು ಮಗ್ಗದ ಮೇಲೆ ಯಾರೋ ಒದ್ದೆ ರೈನ್‌ಕೋಟು ಒಣಹಾಕಿದ್ದರು.

ಆಮೇಲೆ ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಿದೆವು. ಈ ಸಲ ಮಗ್ಗವನ್ನು ಪಟ್ಟಿಯ ಕೊನೆಗೆ ಹಾಕಿದೆವು. ಚಿಕ್ಕಮಗಳೂರು, ಹಾಸನ ಕಡೆ ಇಂಥದ್ದೊಂದು ಕೇಂದ್ರ ಮಾಡಬೇಕು ಅಂತ ಯೋಚಿಸುತ್ತಿರುವವರು ಅದೇ ಕ್ರಮದಲ್ಲಿ ಹೋದರೆ ನಮ್ಮಷ್ಟು ದುಡ್ಡು ಕಳೆದುಕೊಳ್ಳಬೇಕಾಗಿಲ್ಲ.

ಮೊದಲು ಅವರ ದಿನ ಬರೆದುಕೊಳ್ಳಿ

ಒಂದು ನೋಟ್‌ಬುಕ್ ತಗೊಳ್ಳಿ. ಬರಲು ಒಪ್ಪಿದ ಪ್ರತಿ ಹೆಂಗಸಿಗೂ ಒಂದೊಂದು ಪುಟ. ಬೆಳಗ್ಗೆ ಎಷ್ಟಕ್ಕೆ ಏಳುತ್ತಾರೆ, ನೀರು ಯಾವಾಗ ಬರುತ್ತೆ, ಹಾಲು ಡೇರಿಗೆ ಯಾರು ಹಾಕ್ತಾರೆ, ಮಕ್ಕಳು ಎಷ್ಟಕ್ಕೆ ಸ್ಕೂಲಿಂದ ಬರ್ತಾರೆ, ಸಂತೆ ಯಾವ ದಿನ, ಸಂಘದ ಕಂತು ಯಾವ ದಿನ. ಎರಡು ವಾರ ಹೀಗೆ ಬರೆದರೆ ಒಂದು ವಿಷಯ ಎದ್ದು ಕಾಣುತ್ತೆ. ಹೆಚ್ಚಿನವರಿಗೆ ಸಿಗುವುದು ಮಧ್ಯಾಹ್ನದ ಎರಡು ಎರಡೂವರೆ ಗಂಟೆ, ರಾತ್ರಿ ಟಿವಿ ಮುಂದೆ ಒಂದು ಗಂಟೆ. ಇಡೀ ದಿನ ಕೇಂದ್ರದಲ್ಲಿ ಕೂರಬಲ್ಲವರು ಹನ್ನೆರಡರಲ್ಲಿ ಇಬ್ಬರೋ ಮೂವರೋ.

ಕೆಲಸ ಹಂಚುವುದು ಈ ಪುಟಗಳನ್ನು ನೋಡಿಯೇ. ಹೆಣಿಗೆ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗುತ್ತೆ, ಮಗ್ಗ ಹೋಗಲ್ಲ. ಹಾಗಾಗಿ ಮನೆ ಬಿಟ್ಟು ಬರಲಾಗದವರಿಗೆ ಸೂಜಿ, ದಿನವಿಡೀ ಬರಬಲ್ಲವರಿಗೆ ಮಗ್ಗ. ಇಷ್ಟು ಸರಳ ಮಾತು ನಮಗೆ ಹೊಳೆಯಲು ಒಂದು ವರ್ಷ ಬೇಕಾಯಿತು.

ವರ್ಷದ ಲೆಕ್ಕವೂ ಬೇಕು. ತೋಟದ ಸೀಮೆಯಲ್ಲಿ ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ, ಅದರ ಬೆನ್ನಿಗೆ ರೋಬಸ್ಟಾ, ಮೆಣಸು. ಕೊಪ್ಪ, ಶೃಂಗೇರಿ ಕಡೆಯಾದರೆ ಅಡಿಕೆ ಸುಲಿತ. ಕಡೂರು, ಅರಸೀಕೆರೆ ಕಡೆ ರಾಗಿ ಕಟಾವು. ಹಾಸನದ ಸುತ್ತ ಮುಂಗಾರಿಗೆ ಆಲೂಗಡ್ಡೆ ಬಿತ್ತನೆ. ಆ ತಿಂಗಳುಗಳಲ್ಲಿ ದೊಡ್ಡ ಆರ್ಡರ್ ಒಪ್ಪಿಕೊಳ್ಳಲೇಬೇಡಿ. ಕೊಯ್ಲಿನ ಕಾಲದಲ್ಲಿ ಚುರುಕಾಗಿ ಹಣ್ಣು ಕೀಳುವವರು ಕೇಜಿ ಲೆಕ್ಕದಲ್ಲಿ ಒಳ್ಳೆ ದುಡ್ಡು ನೋಡ್ತಾರೆ. ಅದನ್ನು ಬಿಟ್ಟು ನಿಮ್ಮ ಹತ್ತಿರ ಯಾಕೆ ಬರಬೇಕು? ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಹೊರಗಿನ ಕೆಲಸ ಕಮ್ಮಿ. ಅದೇ ನಮ್ಮ ಸುಗ್ಗಿ.

ಜಾಗ ಹುಡುಕುವಾಗ ಬಸ್ ಸ್ಟಾಪ್‌ಗೆ ಹತ್ತಿರ ನೋಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿಗೆ ಟಿಕೆಟ್ ಇಲ್ಲ, ಸರಿ. ಆದರೆ ಬಸ್ಸು ದಿನಕ್ಕೆ ಎರಡೇ ಸಲ ಬರುವ ಊರಲ್ಲಿ ಕೇಂದ್ರದ ಹೊತ್ತನ್ನು ಬಸ್ಸೇ ಗೊತ್ತು ಮಾಡುತ್ತೆ.

ಆರು ಜನ ಸಾಕು

ಹನ್ನೆರಡು ಜನರಿಂದ ಶುರು ಮಾಡಬೇಡಿ. ಆರು ಜನ ಸಾಕು. ಅವರಲ್ಲಿ ಲೆಕ್ಕ ಬರೆಯುವವರು ಒಬ್ಬರಿರಲಿ. ಕೈಕೆಲಸದಲ್ಲಿ ಎಲ್ಲರಿಗಿಂತ ಚುರುಕಾಗಿರುವವರನ್ನೇ ಲೆಕ್ಕಕ್ಕೆ ಕೂರಿಸಬೇಡಿ. ಎರಡೂ ಹಾಳಾಗುತ್ತೆ.

ಹಾಸನದ ಗಾರ್ಮೆಂಟ್ಸ್‌ಗೆ ಒಂದೆರಡು ವರ್ಷ ಹೋಗಿ, ಮದುವೆಯೋ ಬಾಣಂತನವೋ ಆಗಿ ಊರಿಗೆ ವಾಪಸ್ ಬಂದ ಹುಡುಗಿಯರು ಪ್ರತಿ ಊರಲ್ಲೂ ಇದ್ದಾರೆ. ಅವರನ್ನು ಹುಡುಕಿ. ಅಳತೆ ಟೇಪು ಹಿಡಿಯುವುದು, ದಾರ ಕತ್ತರಿಸುವುದು, ಪೀಸು ಚೆಕ್ ಮಾಡುವುದು, ತಪ್ಪಿದ್ದನ್ನು ಮುಲಾಜಿಲ್ಲದೆ ಪಕ್ಕಕ್ಕಿಡುವುದು ಅವರಿಗೆ ಅಲ್ಲೇ ಅಭ್ಯಾಸವಾಗಿರುತ್ತೆ. ನಮ್ಮಲ್ಲಿ ಅಂಥ ಒಬ್ಬಳು ಬಂದ ಮೇಲೆ ವಾಪಸ್ ಬರುವ ಮಾಲು ಅರ್ಧಕ್ಕಿಳಿಯಿತು.

ಹೊಸ ಸಂಘ ಕಟ್ಟುವ ಆಸೆ ಬೇಡ. ಊರಿನ ಹೆಂಗಸರು ಆಗಲೇ ಸ್ತ್ರೀಶಕ್ತಿ, ಸಂಜೀವಿನಿ, ಧರ್ಮಸ್ಥಳ ಸಂಘ ಅಂತ ಎರಡು ಮೂರು ಕಡೆ ಕಂತು ಕಟ್ಟುತ್ತಿರುತ್ತಾರೆ. ಇನ್ನೊಂದು ಉಳಿತಾಯ, ಇನ್ನೊಂದು ಮೀಟಿಂಗು ಅಂದರೆ ಓಡಿಹೋಗ್ತಾರೆ. ಇರುವ ಸಂಘದೊಳಗೇ ಒಂದು ಕೆಲಸದ ಗುಂಪು ಮಾಡಿ, ಬ್ಯಾಂಕ್ ಖಾತೆ ಮಾತ್ರ ಬೇರೆ ಇಡಿ. ಎರಡು ಸಹಿ ಇಲ್ಲದೆ ದುಡ್ಡು ತೆಗೆಯುವ ಹಾಗಿರಬಾರದು.

ಏನು ಮಾಡಬೇಕು, ಏನು ಬೇಡ

ಹೆಣಿಗೆ ಅಂದ ಕೂಡಲೇ ಎಲ್ಲರೂ ಸ್ವೆಟರ್ ಅಂತಾರೆ. ದೊಡ್ಡವರ ಒಂದು ಸ್ವೆಟರ್ ಕೈಯಲ್ಲಿ ಹೆಣೆಯಲು ಸುಮಾರು 40 ಗಂಟೆ ಬೇಕು. ಗಂಟೆಗೆ 50 ರೂಪಾಯಿ ಕೂಲಿ ಹಿಡಿದರೂ ಬರೀ ಕೂಲಿಯೇ 2,000. ಅದೇ ಸಂತೆಯಲ್ಲಿ ಲೂಧಿಯಾನದ ಮಿಷನ್ ಸ್ವೆಟರ್ ರಾಶಿ ಹಾಕಿಕೊಂಡು ಅಗ್ಗಕ್ಕೆ ಕೂಗುತ್ತಿರುತ್ತಾರೆ. ಅವರ ಜೊತೆ ಜಿದ್ದಿಗೆ ಬೀಳುವುದು ಯಾಕೆ?

ಎರಡು ಮೂರು ಗಂಟೆಯಲ್ಲಿ ಮುಗಿಯುವ ಸಾಮಾನು ಹಿಡಿಯಿರಿ. ಕುಲಾವಿ, ಕೂಸಿನ ಕಾಲುಚೀಲ, ಮೊಬೈಲ್ ಚೀಲ, ಕಾಫಿ ಲೋಟಕ್ಕೆ ಹಾಕುವ ಕವಚ. ಕುಲಾವಿಗೆ ನಮ್ಮ ಕಡೆ ಯಾವತ್ತೂ ಗಿರಾಕಿ ಇದ್ದಾರೆ. ನಾಮಕರಣಕ್ಕೆ ಹೋಗುವವರಿಗೆ 200-300 ರೂಪಾಯಿಯೊಳಗೆ ಕೈಯಲ್ಲಿ ಮಾಡಿದ್ದೊಂದು ಬೇಕಿರುತ್ತೆ. ಆದರೆ ಕೂಸಿನ ಬಟ್ಟೆಗೆ ಮಣಿ, ಸಡಿಲ ಗುಂಡಿ ಬೇಡವೇ ಬೇಡ, ಬಾಯಿಗೆ ಹೋಗುತ್ತೆ. ಕುತ್ತಿಗೆ ಹತ್ತಿರ ಉದ್ದದ ದಾರವೂ ಬೇಡ.

ಕಂಬಳಿ ಉಣ್ಣೆ ಬಗ್ಗೆ ಒಂದು ಮಾತು. ಕಡೂರು, ಅರಸೀಕೆರೆ ಬಯಲು ಕಡೆ ಕುರಿ ಇದೆ, ಉಣ್ಣೆ ಸಿಗುತ್ತೆ, ಕಂಬಳಿ ನೇಯುವುದು ಗೊತ್ತಿರುವ ಹಿರಿಯರೂ ಇನ್ನೂ ಇದ್ದಾರೆ. ಆ ಉಣ್ಣೆ ಒರಟು, ಮೈಗೆ ಚುಚ್ಚುತ್ತೆ. ಅದರಲ್ಲಿ ಸ್ವೆಟರ್ ಮಾಡಿ 'ನಮ್ಮೂರ ಉಣ್ಣೆ' ಅಂತ ಚೀಟಿ ಹಚ್ಚಿದರೆ ಒಂದು ಸಲ ಕೊಂಡವರು ಮತ್ತೆ ಈ ಕಡೆ ತಲೆ ಹಾಕಲ್ಲ. ಅದನ್ನು ನೆಲಹಾಸಿಗೆ, ಕುರ್ಚಿಯ ಮೇಲಿನ ಹಾಸಿಗೆ, ಗಟ್ಟಿ ಚೀಲಕ್ಕೆ ಬಳಸಿ. ಕಂಬಳಿ ನೇಯುವವರು ಹುಣಸೆ ಬೀಜದ ಗಂಜಿ ಹಚ್ಚಿ ಹಾಸಿನ ಎಳೆಯನ್ನು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಯನ್ನು, ಬಿಗಿ ಮಾಡುತ್ತಾರೆ. ಆ ಗಂಜಿ ಕಾಯಿಸುವುದನ್ನು ಅವರ ಪಕ್ಕದಲ್ಲೇ ಕೂತು ನೋಡಬೇಕು, ಬರೆದು ತಿಳಿಸುವಂಥದ್ದಲ್ಲ.

ಸೂಜಿಯಿಂದ ಶುರು

ಸೂಜಿ ಕೊಳ್ಳುವಾಗ ನಂಬರ್ ನೋಡಿ. ಅಂಗಡಿಯವರು ಹೇಳುವ ಹಳೆ ನಂಬರಿನಲ್ಲಿ ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣ. 8 ನಂಬರ್ ಅಂದರೆ 4 ಮಿ.ಮೀ., 10 ಅಂದರೆ 3.25, 12 ಅಂದರೆ 2.75. ಆರೂ ಜನಕ್ಕೆ ಒಂದೇ ಕಂಪನಿಯ, ಒಂದೇ ನಂಬರಿನ ಸೂಜಿ ಕೊಡಿ. ಮನೆಯಲ್ಲಿ ಹಳೆ ಸೂಜಿ ಇದೆ ಅಂತ ಅವರವರದ್ದೇ ತಂದರೆ ಒಬ್ಬೊಬ್ಬರದ್ದು ಒಂದೊಂದು ಅಳತೆ ಬರುತ್ತೆ.

ಸೂಜಿ ಒಂದೇ ಆದರೂ ಕೈ ಒಂದೇ ಅಲ್ವಲ್ಲ. ಒಬ್ಬರದು ಬಿಗಿ ಕೈ, ಇನ್ನೊಬ್ಬರದು ಸಡಿಲ. ಬೇಗ ಮುಗಿಯಲಿ ಅಂತ ಒಂದು ಮಗುವಿನ ಸ್ವೆಟರಿನ ಎರಡು ತೋಳನ್ನು ಇಬ್ಬರಿಗೆ ಹಂಚಿದ್ದೆ. ಹೊಲಿಯಲು ಕೂತಾಗ ನೋಡಿದರೆ ಒಂದು ತೋಳು ಇನ್ನೊಂದಕ್ಕಿಂತ ಎರಡು ಬೆರಳು ಉದ್ದ. ಬಿಚ್ಚಿ ಉಂಡೆ ಸುತ್ತಿದೆವು. ಆವತ್ತಿನಿಂದ ನಿಯಮ ಒಂದೇ: ಒಂದು ಸಾಮಾನು ಒಂದೇ ಕೈ.

ಪ್ರತಿಯೊಬ್ಬರಿಂದಲೂ ಮೊದಲು ಒಂದು ಸಣ್ಣ ಚೌಕ ಹೆಣೆಸಿ, ಒಗೆಸಿ, ಒಣಗಿಸಿ, ಅದರಲ್ಲಿ 10 ಸೆಂ.ಮೀ. ಅಗಲಕ್ಕೆ ಎಷ್ಟು ಕುಣಿಕೆ ಬರುತ್ತೆ ಎಣಿಸಿ. 22 ಬಂತು ಅಂದುಕೊಳ್ಳಿ. ಎದೆಸುತ್ತು 60 ಸೆಂ.ಮೀ. ಬೇಕಾದರೆ 132 ಕುಣಿಕೆ. ಅದೇ 132 ಕುಣಿಕೆಯನ್ನು 10 ಸೆಂ.ಮೀ.ಗೆ 20 ಬರುವ ಸಡಿಲ ಕೈಗೆ ಕೊಟ್ಟರೆ ಸ್ವೆಟರ್ 66 ಸೆಂ.ಮೀ. ಆಗುತ್ತೆ. ಎರಡು ಕುಣಿಕೆಯ ಫರಕು ಆರು ಸೆಂ.ಮೀ. ಆಗಿ ಕೂರುತ್ತೆ. ಸಡಿಲ ಕೈಯವರಿಗೆ ಬೈಯಬೇಡಿ. ಒಂದು ನಂಬರ್ ಜಾಸ್ತಿಯ ಸಣ್ಣ ಸೂಜಿ ಕೊಡಿ, ಸರಿಹೋಗುತ್ತೆ. ಆ ಚೌಕಕ್ಕೆ ಅವರ ಹೆಸರಿನ ಚೀಟಿ ಹೊಲಿದು ಗೋಡೆಗೆ ತೂಗುಹಾಕಿ.

ಒಬ್ಬರು ಅಕ್ಕ ಇದ್ದರು. ಸೀದಾ ಹೆಣಿಗೆ, ಉಲ್ಟಾ ಹೆಣಿಗೆ ಎಲ್ಲ ಬಾಯಿಪಾಠ, ಕೈ ಬಲು ಚುರುಕು. ಆದರೆ ಪ್ರತಿ ಪೀಸಿನಲ್ಲೂ ಒಂದೆರಡು ಕುಣಿಕೆ ಬಿಟ್ಟುಹೋಗುತ್ತಿತ್ತು. ಗಮನ ಇಲ್ಲ ಅಂದುಕೊಂಡಿದ್ದೆ. ಒಂದಿನ ಗುಂಡಿ ಹೊಲಿಯಲು ಕೊಟ್ಟೆ.

"ಸೂಜಿಗೆ ದಾರ ಪೋಣಿಸಿ ಅಕ್ಕಾ."

"ಮೊಮ್ಮಗಳ ಕೈಲಿ ಪೋಣಿಸ್ಕೊಂಡು ಬರ್ತೀನಿ ಬಿಡಿ."

ಆಗ ಅರ್ಥವಾಯಿತು. ಹತ್ತಿರದ್ದು ಕಾಣುತ್ತಲೇ ಇರಲಿಲ್ಲ. ಪೇಟೆಯಲ್ಲಿ ಕಣ್ಣು ಪರೀಕ್ಷೆ ಮಾಡಿಸಿ ಓದುವ ಕನ್ನಡಕ ಕೊಡಿಸಿದೆವು. ಆಮೇಲೆ ಅವರ ಪೀಸು ವಾಪಸ್ ಬಂದದ್ದೇ ಇಲ್ಲ. ನಲವತ್ತು ದಾಟಿದವರಿಗೆಲ್ಲ ಸೂಜಿ ಕೈಗೆ ಕೊಡುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ.

ನೂಲಿನ ಲೆಕ್ಕ

ನೂಲು ಕೊಳ್ಳುವುದರಲ್ಲಿ ಹೊಸಬರು ಎರಡು ಥರ ಸಿಕ್ಕಿಬೀಳುತ್ತಾರೆ. ಒಂದೋ ಸಾಲದೆ ಬಂದು ನಡುವೆ ನಿಲ್ಲುತ್ತೆ, ಇಲ್ಲವೇ ಚೀಲಗಟ್ಟಲೆ ತಂದು ಬೂಸ್ಟು ಹಿಡಿಸುತ್ತಾರೆ. ಲೆಕ್ಕ ಕಷ್ಟವೇನಿಲ್ಲ.

ಮಗ್ಗದ ಕೆಲಸದ ಶುರುವಿಗೆ 2/20 ಹತ್ತಿ ನೂಲು ಒಳ್ಳೆಯದು. 20 ನಂಬರಿನ ಎರಡು ಎಳೆ ಸೇರಿಸಿ ಹುರಿ ಮಾಡಿದ್ದು, ದಪ್ಪದಲ್ಲಿ 10 ನಂಬರಿಗೆ ಸಮ. ಒಂದು ಕೇಜಿಯಲ್ಲಿ ಸುಮಾರು 16,900 ಮೀಟರ್ ಇರುತ್ತೆ. ಈಗ 20 ಇಂಚು ಅಗಲ, 2 ಮೀಟರ್ ಉದ್ದದ ಹತ್ತು ಶಾಲು ಬೇಕು ಅನ್ನಿ. ಇಂಚಿಗೆ 20 ಎಳೆ ಹಾಸಿದರೆ ಒಟ್ಟು 400 ಎಳೆ. ಉದ್ದ 20 ಮೀಟರ್. ನೇಯುವಾಗ ಎಳೆ ಅಂಕುಡೊಂಕಾಗಿ ಕುಗ್ಗುವುದಕ್ಕೆ ಹತ್ತರಲ್ಲೊಂದು ಪಾಲು, ಅಂದರೆ 2 ಮೀಟರ್ ಸೇರಿಸಿ. ಮಗ್ಗದ ಎರಡು ತುದಿಯಲ್ಲಿ ನೇಯಲಾಗದೆ ಉಳಿಯುವುದಕ್ಕೆ ಇನ್ನೊಂದು ಮೀಟರ್. 400ನ್ನು 23ರಿಂದ ಗುಣಿಸಿದರೆ 9,200 ಮೀಟರ್, ಅಂದರೆ ಅರ್ಧ ಕೇಜಿಗಿಂತ ಸ್ವಲ್ಪ ಜಾಸ್ತಿ. ಇದು ಹಾಸು.

ಹೊಕ್ಕು ಅಂದರೆ ಅಡ್ಡಕ್ಕೆ ನೇಯುವ ಎಳೆ. ಅದನ್ನು ಇಂಚಿಗೆ 18 ಎಳೆ ಬಡಿದರೆ ಒಂದು ಶಾಲಿಗೆ 750 ಮೀಟರ್ ಆಸುಪಾಸು, ಹತ್ತಕ್ಕೆ 7,500. ಅದು ಅರ್ಧ ಕೇಜಿಗಿಂತ ಸ್ವಲ್ಪ ಕಮ್ಮಿ. ಎರಡೂ ಸೇರಿ ಒಂದು ಕೇಜಿ. ಕಂಡಿಕೆ (ಲಾಳಿಯೊಳಗೆ ಕೂರುವ ನೂಲಿನ ಸುರುಳಿ) ಸುತ್ತುವಾಗ, ಎಳೆ ತುಂಡಾದಾಗ ಹೋಗುವುದಕ್ಕೆ ಕಾಲು ಕೇಜಿ ಜಾಸ್ತಿ ತನ್ನಿ. ಬಣ್ಣದ ನೂಲಾದರೆ ಒಂದೇ ಲಾಟಿನದ್ದೇ ಇರಲಿ. ಆಮೇಲೆ ತರೋಣ ಅಂದುಕೊಂಡರೆ ಅದೇ ಕೆಂಪು ಮತ್ತೆ ಸಿಗಲ್ಲ.

ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತೆ. ಹಾಗಾಗಿ ಮೊದಲ ಶಾಲನ್ನು ಮಗ್ಗದಿಂದ ಇಳಿಸಿ, ಒಗೆದು, ಆಮೇಲೆ ಅಳೆದು, ಉಳಿದದ್ದರ ಅಳತೆ ತಿದ್ದಿಕೊಳ್ಳಿ. ಮಾರುವ ಮೊದಲೇ ಒಗೆದುಬಿಟ್ಟರೆ ಗಿರಾಕಿಯ ಮನೆಯಲ್ಲಿ ಜಗಳ ಇಲ್ಲ.

ಬಣ್ಣ: ಚೊಗರು ಇರುವಾಗ ಬೇರೆ ಯಾಕೆ

ನನಗೆ ಇಷ್ಟದ ಭಾಗ ಇದು, ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆ ಎಳೆ ಅಡಿಕೆ ಬೇಯಿಸುವ ಮನೆಗಳಲ್ಲಿ ಚೊಗರು ಸಿಗುತ್ತೆ. ಅಡಿಕೆ ಬೇಯಿಸಿ ಉಳಿದ ನೀರು ಕಾದು ಕಾದು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗುತ್ತಲ್ಲ, ಅದೇ. ಅಡಿಕೆಗೆ ಬಣ್ಣ ಕೊಡುವ ಅದು ನೂಲಿಗೂ ಕೊಡುತ್ತೆ. ಇಟ್ಟಿಗೆಯಂಥ ಕೆಂಪುಕಂದು. ಸಾಗರ ತಾಲ್ಲೂಕು ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘ ಚೊಗರಿನಂಥ ನೈಸರ್ಗಿಕ ಬಣ್ಣಗಳಿಂದಲೇ ಹೆಸರು ಮಾಡಿದ್ದು. ಸಾಧ್ಯವಾದರೆ ಒಮ್ಮೆ ಹೋಗಿ ಅಲ್ಲಿನ ಕೆಲಸ ನೋಡಿ ಬನ್ನಿ. ಎಷ್ಟು ಓದಿದರೂ ಅಷ್ಟು ತಲೆಗೆ ಹೋಗಲ್ಲ.

ಒಂದು ಕೇಜಿ ಹತ್ತಿ ನೂಲಿಗೆ ನಾವು ಮಾಡುವ ಕ್ರಮ ಹೀಗೆ. ಹೊಸ ನೂಲಿನಲ್ಲಿ ಮೇಣದ ಅಂಶ ಇರುತ್ತೆ, ಬಣ್ಣ ಹಿಡಿಯಲು ಬಿಡಲ್ಲ. ಹಾಗಾಗಿ ಲಡಿಗಳನ್ನು (ಸುತ್ತಿದ ನೂಲಿನ ಕಟ್ಟುಗಳನ್ನು) ಸಡಿಲವಾಗಿ ಕಟ್ಟಿ, ಸೋಪು ಮತ್ತು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸಿ ತೊಳೆಯಬೇಕು. ತೊಳೆದ ನೂಲು ನೀರಿಗೆ ಬಿಟ್ಟ ಕೂಡಲೇ ಮುಳುಗಬೇಕು. ತೇಲಿದರೆ ಇನ್ನೂ ಆಗಿಲ್ಲ ಅಂತ ಲೆಕ್ಕ. ಆಮೇಲೆ 150ರಿಂದ 200 ಗ್ರಾಂ ಅಳಲೆಕಾಯಿ ಪುಡಿ ಕದಡಿದ ಬಿಸಿನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಗ್ಗೆ ಹಿಂಡಿ, ತೊಳೆಯದೆ ನೆರಳಲ್ಲಿ ಒಣಗಿಸಿ. ಅದಾದ ಮೇಲೆ 100-150 ಗ್ರಾಂ ಪಟಿಕ ಕರಗಿಸಿದ ನೀರಿನಲ್ಲಿ ಒಂದೆರಡು ಗಂಟೆ. ಕೊನೆಗೆ ಚೊಗರು ಬೆರೆಸಿದ ನೀರಿನಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ, ಆಗಾಗ ಲಡಿ ತಿರುವುತ್ತ. ಒಲೆ ಆರಿಸಿ, ಅದೇ ನೀರಿನಲ್ಲಿ ತಣ್ಣಗಾಗಲು ಬಿಡಿ.

ಚೊಗರು ಎಷ್ಟು ಹಾಕಬೇಕು ಅಂತ ಕೇಳಬೇಡಿ. ಒಂದು ಮನೆಯ ಚೊಗರು ನೀರು, ಇನ್ನೊಂದು ಮನೆಯದು ಗೋಂದು. ಪ್ರತಿ ಡಬ್ಬಿಗೂ 50 ಗ್ರಾಂ ನೂಲಿನಲ್ಲಿ ಪರೀಕ್ಷೆ ಮಾಡಿ, ತುಂಡನ್ನು ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಅಳತೆ ಬರೆಯಿರಿ. ನಮ್ಮ ಕೇಂದ್ರಕ್ಕೆ ಬೆಂಕಿ ಬಿದ್ದರೆ ನಾನು ಮೊದಲು ಎತ್ತಿಕೊಂಡು ಓಡುವುದು ಆ ಪುಸ್ತಕವನ್ನೇ.

ಪಾತ್ರೆ ಸ್ಟೀಲಿನದಿರಲಿ. ಒಮ್ಮೆ ಹಳೆ ಕಬ್ಬಿಣದ ಬಾಣಲೆಯಲ್ಲಿ ಹಾಕಿ, ಕೆಂಪಾಗಬೇಕಾದ ಎರಡು ಕೇಜಿ ನೂಲು ಬೂದಿ ಬಣ್ಣಕ್ಕೆ ತಿರುಗಿತು. ಚೊಗರು ಕಬ್ಬಿಣ ಕಂಡರೆ ಕಪ್ಪಾಗುತ್ತೆ. ಈಗ ಬೂದಿ ಬಣ್ಣ ಬೇಕಾದಾಗ ಬೇಕಂತಲೇ ತುಕ್ಕು ಮೊಳೆ ಮತ್ತು ಬೆಲ್ಲ ನೆನೆಹಾಕಿದ ನೀರು ಸೇರಿಸುತ್ತೇವೆ. ಬಣ್ಣದ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡಬೇಡಿ, ಉಳಿದ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿ. ಅರಿಶಿನದ ಹಳದಿಗೆ ಮರುಳಾಗಬೇಡಿ. ನೋಡಲು ಚೆಂದ, ಬಿಸಿಲಿಗೆ ಹಾರಿಹೋಗುತ್ತೆ. ಮಾರುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಹತ್ತು ಸಲ ಉಜ್ಜಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ ಆ ಲಾಟನ್ನು ಬದಿಗಿಡಿ.

ಕೂಲಿ ಮತ್ತು ಬೆಲೆ

ಇದೊಂದು ತಪ್ಪಿದರೆ ಉಳಿದದ್ದೆಲ್ಲ ದಂಡ. ನಿಮ್ಮೂರಿನ ತೋಟದ ಕೂಲಿ ಎಷ್ಟು ಅಂತ ನೋಡಿ, ಗಂಟೆಗೆ ಅದಕ್ಕಿಂತ ಕಮ್ಮಿ ಕೊಡಬೇಡಿ. 'ಮನೆಯಲ್ಲಿ ಸುಮ್ನೆ ಕೂತಿರ್ತಾರಲ್ಲ, ಏನೋ ಒಂದಿಷ್ಟು ಸಿಕ್ಕರೆ ಸಾಕು' ಅನ್ನುವ ಮಾತು ನನ್ನ ಕಿವಿಗೆ ಎಷ್ಟು ಸಲ ಬಿದ್ದಿದೆಯೋ. ಮನೆಯಲ್ಲಿ ಯಾರೂ ಸುಮ್ನೆ ಕೂತಿರಲ್ಲ. ಆ ನೋಟ್‌ಬುಕ್ಕಿನ ಪುಟ ತೆಗೆದು ನೋಡಿ.

ಲೆಕ್ಕ ತೋರಿಸಲು ಗಂಟೆಗೆ 50 ರೂಪಾಯಿ ಹಿಡಿಯೋಣ. ಒಂದು ಹತ್ತಿ ಶಾಲಿಗೆ ನೂಲು 60 ರೂಪಾಯಿ. ನೇಯಲು 3 ಗಂಟೆ, ಹಾಸು ಹೂಡಿದ್ದರಲ್ಲಿ ಅದರ ಪಾಲು 1 ಗಂಟೆ, ಕಂಡಿಕೆ ಸುತ್ತಲು ಅರ್ಧ ಗಂಟೆ, ಕುಚ್ಚು ಕಟ್ಟಿ ಒಗೆದು ಇಸ್ತ್ರಿ ಮಾಡಲು 1 ಗಂಟೆ. ಒಟ್ಟು ಐದೂವರೆ ಗಂಟೆ, 275 ರೂಪಾಯಿ. ನೂಲು ಸೇರಿ 335. ಬಾಡಿಗೆ, ಕರೆಂಟು, ಹಾಳಾಗುವ ಪೀಸಿಗೆ 50. ಅಲ್ಲಿಗೆ 385. ಕೇಂದ್ರದ ಗಂಟಿಗೆ 40. ಒಟ್ಟು 425.

ಅಂಗಡಿಯವರು ನೂರಕ್ಕೆ 30 ಕಮಿಷನ್ ಕೇಳಿದರು ಅನ್ನಿ. ನಾವು 425ಕ್ಕೆ 30 ಪರ್ಸೆಂಟ್ ಸೇರಿಸಿ 552 ಅಂತ ಚೀಟಿ ಹಚ್ಚಿದೆವು. ಅಂಗಡಿಯವರು 552ರಲ್ಲಿ 30 ಪರ್ಸೆಂಟ್ ಹಿಡಿದರು. ನಮ್ಮ ಕೈಗೆ ಬಂದದ್ದು 386. ಕೇಂದ್ರದ ಗಂಟು ಪೂರ್ತಿ ಮಾಯ. 425ನ್ನು 0.7ರಿಂದ ಭಾಗಿಸಬೇಕಿತ್ತು, ಆಗ 607 ಬರುತ್ತೆ. 610 ಅಂತ ಹಚ್ಚಿ. ಕ್ಯಾಲ್ಕುಲೇಟರ್ ಮೇಲೇ ಇದನ್ನು ಬರೆದು ಅಂಟಿಸಿದ್ದೇವೆ.

ದುಡ್ಡು ಮಾತ್ರ ಪ್ರತಿ ಶನಿವಾರ, ಮಾಲು ಮಾರಿರಲಿ ಬಿಡಲಿ. "ಮಾರಿದ ಮೇಲೆ ಕೊಡ್ತೀನಿ" ಅಂದರೆ ನಷ್ಟದ ಭಾರ ಎಲ್ಲರಿಗಿಂತ ಬಡವರ ತಲೆಗೆ ಕಟ್ಟಿದ ಹಾಗೆ. ಅದಕ್ಕಾಗಿ ಶುರುವಿಗೇ ಮೂರು ತಿಂಗಳ ಕೂಲಿ ಬ್ಯಾಂಕಿನಲ್ಲಿರಬೇಕು. ಇಲ್ಲದಿದ್ದರೆ ಆರು ಜನರ ಬದಲು ಮೂರೇ ಜನ ಇಟ್ಟುಕೊಳ್ಳಿ. ಕೊಡುವುದು ಅವರವರ ಖಾತೆಗೇ, ಗಂಡನ ಖಾತೆಗಲ್ಲ.

ಕಾಗದಪತ್ರ

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ, ಮಾಡಿಸಿ. ಅದಕ್ಕೆ ಫೀಸಿಲ್ಲ, ಆಧಾರ್, ಪ್ಯಾನ್ ಇದ್ದರೆ ಮೊಬೈಲಿನಲ್ಲೇ ಆಗುತ್ತೆ. ನಮ್ಮಿಂದ ಮಾಲು ತೆಗೆದುಕೊಂಡ ಒಬ್ಬರು ಐದು ತಿಂಗಳು ಇವತ್ತು ನಾಳೆ ಅಂತ ಸತಾಯಿಸಿದರು. ಆಮೇಲೆ ಗೊತ್ತಾಯಿತು, 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ನೋಂದಣಿಯಾದ ಸಣ್ಣ ಘಟಕದಿಂದ ಕೊಂಡವರು ಬರೆದ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ಬಡ್ಡಿ ಕಟ್ಟಬೇಕು. ಈಗ ಬಿಲ್ಲಿನ ಕೆಳಗೆ ಅದನ್ನು ಅಚ್ಚು ಹಾಕಿಸಿದ್ದೇವೆ. ಅದಾದ ಮೇಲೆ ಯಾರೂ ಸತಾಯಿಸಿಲ್ಲ.

ಮಾಲು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ, ಆನ್‌ಲೈನಿನಲ್ಲಿ ಮಾರುವುದಾದರೆ ನಿಯಮ ಬೇರೆ. ಆಡಿಟರನ್ನು ಒಮ್ಮೆ ಕೇಳಿಕೊಳ್ಳಿ. ಚೀಟಿಯ ಮೇಲೆ 'ಖಾದಿ' ಅಂತ ಬರೆಯಬೇಡಿ. ಖಾದಿ ಅಂದರೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದದ್ದು, ಆ ಹೆಸರು ಬಳಸಲು ಖಾದಿ ಆಯೋಗದ ಗುರುತು ಬೇಕು. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗದ ಬಟ್ಟೆಗೆ ಸಿಗುತ್ತೆ, ಸೂಜಿಯಲ್ಲಿ ಹೆಣೆದದ್ದಕ್ಕಲ್ಲ. ತರಬೇತಿ, ಸಾಲ, ನೇಕಾರರ ಗುರುತಿನ ಚೀಟಿಗೆ ಜಿಲ್ಲೆಯ ಕೈಮಗ್ಗ ಮತ್ತು ಜವಳಿ ಇಲಾಖೆ ಕಚೇರಿ. ವಿನ್ಯಾಸ, ಬಣ್ಣದ ಬಗ್ಗೆ ಕೇಳಲು ಬೆಂಗಳೂರಿನ ನೇಕಾರರ ಸೇವಾ ಕೇಂದ್ರ.

ಮಾರುವುದು

ಚಿಕ್ಕಮಗಳೂರು, ಸಕಲೇಶಪುರ, ಮೂಡಿಗೆರೆ ಸುತ್ತ ಹೋಮ್‌ಸ್ಟೇಗಳಿಗೆ ಲೆಕ್ಕವಿಲ್ಲ. ಅವರ ಶೋಕೇಸಿನಲ್ಲಿ ಎರಡು ಶಾಲು ಇಟ್ಟು ಯಾರಾದರೂ ಕೊಂಡಾರು ಅಂತ ಕಾಯುವುದಕ್ಕಿಂತ ಅವರಿಗೇ ಮಾರಿ. ಊಟದ ಮೇಜಿನ ಹಾಸು, ದಿಂಬಿನ ಕವರು, ಮಂಚದ ಕಾಲದೆಸೆಗೆ ಹಾಸುವ ಪಟ್ಟಿ. ಒಂದು ಹೋಮ್‌ಸ್ಟೇ ಅಂದರೆ ಒಂದೇ ಸಲಕ್ಕೆ ಇಪ್ಪತ್ತು ಮೂವತ್ತು ಪೀಸು. ಅತಿಥಿಗಳು ನೋಡಿ "ಇದೆಲ್ಲಿ ಸಿಗುತ್ತೆ" ಅಂತ ತಾವೇ ಕೇಳ್ತಾರೆ. ಅರ್ಧ ದುಡ್ಡು ಮುಂಗಡ ಇಲ್ಲದೆ ನೂಲು ತರಬೇಡಿ.

ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಎಲ್ಲರೂ ಶಿಲಾಬಾಲಿಕೆ ಛಾಪಿಸುತ್ತಿದ್ದಾರೆ. ನಮಗೆ ಆ ಆಟ ಬೇಡ. ಮಗ್ಗದಲ್ಲಿ ಗೆರೆ, ಚೌಕ ಚೆನ್ನಾಗಿ ಬರುತ್ತೆ. ದೇವಸ್ಥಾನದ ಹೊರಗೋಡೆಯ ಅಡ್ಡಪಟ್ಟಿಗಳನ್ನು ಹತ್ತು ನಿಮಿಷ ನಿಂತು ನೋಡಿ, ಶಾಲಿನ ಅಂಚಿಗೆ ಬೇಕಾದ್ದೆಲ್ಲ ಅಲ್ಲಿದೆ.

ಮಳೆಗಾಲಕ್ಕೆ ಮೊದಲು

ಬಣ್ಣ ಹಾಕುವ ಕೆಲಸ ಮೇ ಮುಗಿಯುವುದರೊಳಗೆ ಮುಗಿಸಿ. ಜುಲೈನಲ್ಲಿ ಲಡಿ ಒಂದು ವಾರ ಕಳೆದರೂ ಒಣಗಲ್ಲ, ಮುಗ್ಗಲು ವಾಸನೆ ಬೇರೆ. ನೂಲನ್ನು ಮುಚ್ಚಳದ ಡ್ರಮ್ಮಿನಲ್ಲಿ, ಹಲಗೆಯ ಮೇಲೆ ಇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತೆ ಅಂತ ಅಲ್ಲಿಟ್ಟರೆ ಹೊಗೆ ಕುಡಿದು ಬಿಳಿ ಹೋಗಿ ಕಂದಾಗುತ್ತೆ. ನಮ್ಮಲ್ಲಿ ಆಗಿದೆ. ಉಣ್ಣೆಗೆ ನುಸಿ ಹತ್ತದಂತೆ ಬಿಸಿಲು ಸಿಕ್ಕ ದಿನ ಕೊಡವಿ ಒಣಗಿಸಿ, ಒಣ ಬೇವಿನ ಸೊಪ್ಪು ನಡುವೆ ಇಡಿ. ಕರೆಂಟು ಮೂರು ಮೂರು ದಿನ ಇರಲ್ಲ, ಹಾಗಾಗಿ ದೊಡ್ಡ ಕಿಟಕಿ ಇರುವ ಕೋಣೆಯೇ ಆಗಬೇಕು.

ಈಗ ಮಗ್ಗ

ಆರು ತಿಂಗಳು ಸೂಜಿಯಲ್ಲಿ ಕೆಲಸ ನಡೆದು, ವಾರದ ಕೂಲಿ ತಪ್ಪದೆ ಹೋಗಿ, ಶಾಲು, ಹಾಸು ಬೇಕು ಅಂತ ಕೈಯಲ್ಲಿ ಆರ್ಡರ್ ಇದ್ದರೆ ಆಗ ಕೊಳ್ಳಿ. ಒಂದೇ ಒಂದು. ಸಬ್ಸಿಡಿ ಬರುತ್ತೆ ಅಂತ ನಾಲ್ಕು ಬೇಡ.

ಬಯಲುಸೀಮೆಯಲ್ಲಿ ಗುಂಡಿ ಮಗ್ಗ ಒಳ್ಳೆಯದು. ಮಾರ್ಚ್ ಏಪ್ರಿಲ್ ಒಣಹವೆಗೆ ಹತ್ತಿ ಎಳೆ ಪಟಪಟ ತುಂಡಾಗುತ್ತೆ, ನೆಲದ ತಂಪು ಅದನ್ನು ಸ್ವಲ್ಪ ತಡೆಯುತ್ತೆ. ಮಲೆನಾಡಿನಲ್ಲಿ ಗುಂಡಿ ತೋಡಬೇಡಿ. ನಮ್ಮ ನಾಲ್ಕರಲ್ಲಿ ಒಂದು ಗುಂಡಿ ಮಗ್ಗವಿತ್ತು. ಜುಲೈ ಎರಡನೇ ವಾರ ನೋಡಿದರೆ ಕಾಲಿಡುವ ಗುಂಡಿಯಲ್ಲಿ ಮೊಣಕಾಲುದ್ದ ಒರತೆ ನೀರು, ಅದರಲ್ಲೊಂದು ಕಪ್ಪೆ. ಇಲ್ಲಿಗೆ ನೆಲದ ಮೇಲೆ ನಿಲ್ಲುವ ಚೌಕಟ್ಟಿನ ಮಗ್ಗವೇ ಸರಿ. ಮರ ಚೆನ್ನಾಗಿ ಒಣಗಿದ್ದಾಗಿರಲಿ, ಹಸಿ ಮರ ಒಂದು ಮಳೆಗಾಲದಲ್ಲಿ ಸೊಟ್ಟಗಾಗುತ್ತೆ. ಎಳೆಗಳನ್ನು ಬಿಡಿಸುವ ಹಣಿಗೆ ತುಕ್ಕು ಹಿಡಿಯದ ಸ್ಟೀಲಿನದು ಕೇಳಿ. ಸಾದಾ ಕಬ್ಬಿಣದ್ದಾದರೆ ಬಿಳಿ ಬಟ್ಟೆಯ ಉದ್ದಕ್ಕೂ ಕಂದು ಗೆರೆ ಬೀಳುತ್ತೆ. ಬೆಳಕು ಎಡಗಡೆಯಿಂದಲೋ ಬಲಗಡೆಯಿಂದಲೋ ಬರುವ ಹಾಗೆ ನಿಲ್ಲಿಸಿ. ಬೆನ್ನ ಹಿಂದೆ ಕಿಟಕಿ ಇದ್ದರೆ ನೇಯುವವರ ನೆರಳೇ ಬಟ್ಟೆಯ ಮೇಲೆ ಬೀಳುತ್ತೆ.

ಮೊದಲ ಹಾಸನ್ನು ಹಣಿಗೆಯ ಹಲ್ಲಿಗೆ ಪೋಣಿಸಲು ನುರಿತವರೊಬ್ಬರನ್ನು ಕರೆಸಿ, ಎರಡು ದಿನ ಅವರ ಪಕ್ಕದಲ್ಲಿ ಕೂತು ಕಲಿಯಿರಿ. ಆ ಹಾಸು ನೇಯ್ದು ಮುಗಿದಾಗ ತುದಿಯನ್ನು ಪೂರ್ತಿ ಎಳೆದು ತೆಗೆಯಬೇಡಿ. ಒಂದು ಗೇಣು ಹಣಿಗೆಯಲ್ಲೇ ಬಿಟ್ಟು ಕತ್ತರಿಸಿ. ಮುಂದಿನ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಗಂಟು ಹಾಕಿ ಮೆಲ್ಲಗೆ ಎಳೆದುಕೊಂಡರೆ ಮತ್ತೆ ಪೋಣಿಸುವ ಕೆಲಸವೇ ಇಲ್ಲ. 400 ಗಂಟು. ಇಬ್ಬರು ಎದುರುಬದುರು ಕೂತರೆ, ಊರಿನ ಸುದ್ದಿಯೆಲ್ಲ ಮಾತಾಡಿ ಮುಗಿಯುವಷ್ಟರಲ್ಲಿ ಆಗಿಹೋಗಿರುತ್ತೆ.